ಡಬ್ಬಿ ಹೇಳುವ ಕಥೆ, ಚೀಟಿ ಕೇಳುವ ಪ್ರಶ್ನೆ

ಕೊಳ್ಳೇಗಾಲ ತಾಲೂಕಿನ ಧನಗೆರೆಯಲ್ಲಿ ನಮ್ಮ ಖಾಲಾ ಅವರ ಮನೆಯಿದೆ. ಕಳೆದ ಬಕ್ರೀದ್ ಹಬ್ಬಕ್ಕೆ ಅಲ್ಲಿಗೆ ಹೋದಾಗ ಒಂದೇ ಮನೆಯೊಳಗೆ ತೂಕ ಇಳಿಸುವ ಎರಡು ಮದ್ದುಗಳು ನಮ್ಮ ಕಣ್ಣಿಗೆ ಬಿದ್ದವು. ಒಂದು ನಡುಮನೆಯ ಗೋಡೆಗೂಡಿನಲ್ಲಿ, ಸುರ್ಮಾದಾನಿಯ ಪಕ್ಕ, ಬಂದವರಿಗೆಲ್ಲ ಕಾಣುವಂತೆ ಇಟ್ಟಿದ್ದ ಹಸಿರು ಪ್ಲಾಸ್ಟಿಕ್ ಡಬ್ಬಿ. ಇನ್ನೊಂದು ಫ್ರಿಜ್ಜಿನಲ್ಲಿ, ಪುದೀನಾ ಕಟ್ಟಿನ ಹಿಂದೆ, ಯಾರಿಗೂ ಕಾಣಬಾರದೆಂದು ಕಾಗದದಲ್ಲಿ ಸುತ್ತಿಟ್ಟಿದ್ದ ಚುಚ್ಚುಮದ್ದು. ಡಬ್ಬಿ ಖಾಲಾ ಅವರ ಮೊಮ್ಮಗಳದು. ಚುಚ್ಚುಮದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರ ಕಿರಿಯ ಮಗನದು, ಅಂದರೆ ಆ ಹುಡುಗಿಯ ಚಾಚಾನದು.

ಹುಡುಗಿಗೆ ನಿಕಾಹ್ ನಿಶ್ಚಯವಾಗಿತ್ತು. ನೋಡಲು ಬಂದ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಚಹಾ ಕುಡಿದು ಏಳುವಾಗ, 'ಲಡ್ಕಿ ಅಚ್ಛೀ ಹೈ, ಜರಾ ಭಾರೀ ಹೈ' ಎಂದರಂತೆ. ಹುಡುಗಿ ಒಳ್ಳೆಯವಳು, ಸ್ವಲ್ಪ ಭಾರ. ಅಷ್ಟೇ ಮಾತು. ಅದಾದ ಮರುವಾರವೇ ಹುಡುಗಿ ತನ್ನ ಗೆಳತಿಯೊಡನೆ ಪೇಟೆಗೆ ಹೋಗಿ ಅಂಗಡಿಯೊಂದರಲ್ಲಿ ಆ ಡಬ್ಬಿಯನ್ನು ಕೊಂಡು ತಂದಳು. ಅಂಗಡಿಯವನು, 'ಎಲ್ಲಾ ಗಿಡಮೂಲಿಕೆ ಕಣಿ, ಏನೂ ಆಗಲ್ಲ, ಧೈರ್ಯವಾಗಿ ತಗಳಿ' ಎಂದು ಹೇಳಿ ಕೊಟ್ಟನಂತೆ. ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಬೇರೆ ಏನಾದರೂ ಕಾಯಿಲೆ ಇದೆಯೇ ಎಂದು ಕೇಳಲಿಲ್ಲ. ಕೇಳಬೇಕೆಂದು ಅವನಿಗೂ ಅನಿಸಲಿಲ್ಲ, ಹೇಳಬೇಕೆಂದು ಅವಳಿಗೂ ಅನಿಸಲಿಲ್ಲ.

ಮೂರನೆಯ ವಾರಕ್ಕೆ ಅವಳಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬಾಯಿ ಒಣಗುತ್ತಿತ್ತು. ರಾತ್ರಿ ನಿದ್ದೆ ಇಲ್ಲ. ಮನೆಯವರು ಮದುವೆಯ ಗಾಬರಿ ಎಂದು ನಕ್ಕರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಂದಾಗ ಡಾಕ್ಟರ ಬಳಿಗೆ ಕರೆದೊಯ್ದರು. ಅವರು ನಾಡಿ ನೋಡಿ, ರಕ್ತದೊತ್ತಡ ನೋಡಿ, ಮೊದಲು ಕೇಳಿದ ಪ್ರಶ್ನೆ 'ಏನು ತೆಗೆದುಕೊಳ್ಳುತ್ತಿದ್ದೀಯಮ್ಮ?' ಎಂಬುದು. ಡಬ್ಬಿಯನ್ನು ತರಿಸಿ ತಿರುಗಿಸಿ ತಿರುಗಿಸಿ ಓದಿದರು. ಕೊನೆಗೆ, 'ಇದರ ಮೇಲೆ ಬರೆದಿರುವುದು ಇದರೊಳಗೆ ಇದೆಯೋ ಗೊತ್ತಿಲ್ಲ. ಬರೆಯದೆ ಇರುವುದು ಇದೆಯೋ ಅದೂ ಗೊತ್ತಿಲ್ಲ. ಇವತ್ತಿಗೇ ನಿಲ್ಲಿಸಿ' ಎಂದರು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಎದೆಬಡಿತ ಸರಿಹೋಯಿತು. ಆದರೆ ಡಬ್ಬಿ ಗೂಡಿನಲ್ಲೇ ಉಳಿದಿತ್ತು. ದುಡ್ಡು ಕೊಟ್ಟು ತಂದದ್ದಲ್ಲವೇ?

ನಾವು ವೈದ್ಯರಲ್ಲ, ಕಥೆ ಬರೆಯುವವರು. ಒಂದು ಬರಹ ಏನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ, ಯಾರನ್ನು ಉದ್ದೇಶಿಸಿ ಮಾತಾಡುತ್ತದೆ ಎಂದು ನೋಡುವುದು ನಮ್ಮ ಅಭ್ಯಾಸ. ಪುಸ್ತಕಗಳ ವಿಮರ್ಶೆಯನ್ನು ಈ ಪುಟಗಳಲ್ಲಿ ಓದುಗರು ಬಹಳ ನೋಡಿದ್ದಾರೆ. ಒಂದು ಪುಸ್ತಕವನ್ನು ಒಂದು ಸಾವಿರ ಜನ ಓದಿದರೆ ನಮಗೆ ದೊಡ್ಡ ಸಂತೋಷ. ಆದರೆ ಮದ್ದಿನ ಡಬ್ಬಿಯ ಮೇಲಿನ ಬರಹವನ್ನು ಲಕ್ಷಾಂತರ ಜನ ಓದುತ್ತಾರೆ, ನಂಬುತ್ತಾರೆ, ನುಂಗುತ್ತಾರೆ. ಅದಕ್ಕೂ ಒಂದು ವಿಮರ್ಶೆ ಬೇಡವೇ?

ನಡುವಿಲ್ಲದ ಕಥೆ

ಡಬ್ಬಿಯ ಮೇಲೆ ಎರಡು ಚಿತ್ರಗಳಿದ್ದವು. ಎಡಗಡೆ ದಪ್ಪಗಿನ ಹೆಂಗಸು, ಮುಖದಲ್ಲಿ ದುಃಖ. ಬಲಗಡೆ ತೆಳ್ಳಗಿನ ಹೆಂಗಸು, ಸೊಂಟದ ಸುತ್ತ ಅಳತೆಪಟ್ಟಿ, ಮುಖದಲ್ಲಿ ನಗು. ಕಥೆಯ ಮೊದಲು ಇದೆ, ಕೊನೆ ಇದೆ. ನಡುವಿನದ್ದು ಇಲ್ಲ. ಕಥೆಗಾರರಾದ ನಮಗೆ ಗೊತ್ತು, ಕಥೆ ನಡೆಯುವುದೇ ನಡುವಿನಲ್ಲಿ. ಆ ಹೆಂಗಸು ಏನು ತಿಂದಳು, ಎಷ್ಟು ತಿಂಗಳು ಹಿಡಿಯಿತು, ಅವಳ ರಕ್ತದೊತ್ತಡ ಏನಾಯಿತು, ವರ್ಷದ ನಂತರ ಅವಳು ಹೇಗಿದ್ದಾಳೆ, ಅವಳಂಥ ನೂರು ಹೆಂಗಸರಲ್ಲಿ ಎಷ್ಟು ಮಂದಿಗೆ ಏನೂ ಆಗಲಿಲ್ಲ? ಡಬ್ಬಿ ಇದಾವುದನ್ನೂ ಹೇಳುವುದಿಲ್ಲ. ದುಃಖಕ್ಕೂ ನಗುವಿಗೂ ನಡುವೆ ಒಂದು ಕ್ಯಾಪ್ಸೂಲ್ ಮಾತ್ರ ಇದೆ ಎಂದು ಸೂಚಿಸಿ ಸುಮ್ಮನಾಗುತ್ತದೆ.

ಇನ್ನು ಭಾಷೆ. 'ಶೇಕಡಾ ನೂರು ನೈಸರ್ಗಿಕ', 'ಅಡ್ಡಪರಿಣಾಮವಿಲ್ಲ' ಎಂಬ ಮಾತುಗಳು ದೊಡ್ಡಕ್ಷರದಲ್ಲಿ. ಡಬ್ಬಿಯ ಹಿಂಭಾಗದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಎಂಬ ಒಂದು ಸಾಲು. ಮುಂದೆ ಹೇಳಿದ್ದನ್ನು ಹಿಂದೆ ಅಲ್ಲಗಳೆಯುವ ಬರಹ ಇದು. ಆ ಸಾಲನ್ನು ಕಂಪನಿ ಪ್ರಾಮಾಣಿಕತೆಯಿಂದ ಬರೆದದ್ದೆಂದು ಓದುಗರು ತಿಳಿಯಬೇಕಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ 2016ರಲ್ಲಿ ಬಂದ ನಿಯಮಗಳ ಪ್ರಕಾರ, ಪೂರಕ ಆಹಾರವೆಂದು ಮಾರುವ ಇಂಥ ಕ್ಯಾಪ್ಸೂಲು, ಪುಡಿಗಳ ಮೇಲೆ ಆ ಮಾತನ್ನು ಹಾಕಲೇಬೇಕು. ಕಾನೂನಿಗಾಗಿ ಒಂದು ಸಾಲು, ಗಿರಾಕಿಗಾಗಿ ಎರಡು ಚಿತ್ರ. ಹುಡುಗಿ ಓದಿದ್ದು ಚಿತ್ರವನ್ನು.

ಇದಕ್ಕಿಂತ ಹಳೆಯ ಕಾನೂನೊಂದಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ, 1954ರದು. ಯಾವ ಯಾವ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡಬಾರದು ಎಂಬ ಪಟ್ಟಿ ಅದರಲ್ಲಿದೆ. ಕ್ಯಾನ್ಸರ್, ಕುರುಡುತನ, ಮಧುಮೇಹಗಳ ಜೊತೆಗೆ ಬೊಜ್ಜು ಕೂಡ ಆ ಪಟ್ಟಿಯಲ್ಲಿದೆ. ಅಂದರೆ ಬೊಜ್ಜಿಗೆ ಮದ್ದು ಎಂದು ಪ್ರಚಾರ ಮಾಡುವುದು ಈ ದೇಶದಲ್ಲಿ ದಶಕಗಳಿಂದ ಅಪರಾಧ. ಆದರೂ ಬಸ್‌ಸ್ಟ್ಯಾಂಡಿನ ಕಂಬ, ಗೋಡೆ, ಟಿ.ವಿ., ಕೈಯೊಳಗಿನ ಮೊಬೈಲ್ ಎಲ್ಲೆಡೆಯೂ ಆ ಪ್ರಚಾರವಿದೆ. ಹೇಗೆ? ಇದು ಔಷಧವಲ್ಲ, ಆಹಾರ ಎಂದುಬಿಟ್ಟರೆ ಔಷಧದ ಕಾನೂನಿನಿಂದ ತಪ್ಪಿಸಿಕೊಳ್ಳಬಹುದು ಎಂಬ ಲೆಕ್ಕಾಚಾರ. ಚಿತ್ರ ಮಾತ್ರ ಔಷಧದ ಕೆಲಸವನ್ನೇ ಹೇಳುತ್ತಿರುತ್ತದೆ.

'ಚೀಟಿ ಇಲ್ಲದೆ ಸಿಗುವ ಔಷಧ' ಎಂದು ಅಮೆರಿಕ, ಯುರೋಪಿನವರು ಹೇಳುವಾಗ ಅದಕ್ಕೊಂದು ಅರ್ಥವಿದೆ. ಪರೀಕ್ಷೆಯಾಗಿ, ಸರ್ಕಾರದ ಇಲಾಖೆ ಒಪ್ಪಿ, ಇದನ್ನು ವೈದ್ಯರಿಲ್ಲದೆಯೂ ಬಳಸಬಹುದು ಎಂದು ತೀರ್ಮಾನವಾದ ಔಷಧ ಅದು. ನಮ್ಮ 1940ರ ಔಷಧ ಕಾಯ್ದೆಯಲ್ಲಿ ಅಂಥದ್ದೊಂದು ವರ್ಗವನ್ನು ಹೆಸರಿಸಿ ಇಟ್ಟಿಲ್ಲ. ಚೀಟಿ ಬೇಕಾದ ಔಷಧಗಳ ಪಟ್ಟಿ ಇದೆ. ಉಳಿದದ್ದೆಲ್ಲ ತಾನಾಗಿಯೇ ಅಂಗಡಿ ಕಟ್ಟೆಯ ಮೇಲೆ ಬರುತ್ತದೆ. ಅದರಲ್ಲಿ ನೋವಿನ ಮಾತ್ರೆಯೂ ಉಂಟು, ಹೆಸರಿಲ್ಲದ ಹಸಿರು ಡಬ್ಬಿಯೂ ಉಂಟು. ಹೀಗಾಗಿ ಎರಡು ಬಗೆಯ ಮದ್ದುಗಳನ್ನು ಹೋಲಿಸುವಾಗ ಪಾಶ್ಚಾತ್ಯರ ಲೇಖನಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ಓದುಗರಿಗೆ ಮೋಸವಾಗುತ್ತದೆ.

ಉಪ್ಪಾಗೆಯ ಸಿಪ್ಪೆ

ಡಬ್ಬಿಯ ಹಿಂದೆ ಬರೆದಿದ್ದ ಪದಾರ್ಥಗಳಲ್ಲಿ ಮೊದಲನೆಯದು ಗಾರ್ಸಿನಿಯಾ. ಹೆಸರು ವಿದೇಶಿಯಾಗಿ ಕಂಡರೂ ವಸ್ತು ನಮ್ಮದೇ. ಮಲೆನಾಡಿನವರು ಅದನ್ನು ಉಪ್ಪಾಗೆ ಎನ್ನುತ್ತಾರೆ. ಮಲಬಾರಿನ ಮೀನು ಸಾರಿಗೆ ಹುಳಿ ಕೊಡುವುದು ಇದೇ. ಕೊಡಗಿನ ಅಡುಗೆಮನೆಯ ಕಪ್ಪು ಕಾಚಂಪುಳಿ ತಯಾರಾಗುವುದೂ ಇದರಿಂದಲೇ. ಉತ್ತರ ಕನ್ನಡದ ಕಾಡುಗಳಲ್ಲಿ ಮಳೆಗಾಲದಲ್ಲಿ ಹಣ್ಣು ಆರಿಸಿ, ಬಿಸಿಲಿಲ್ಲದ ಕಾರಣ ಸೌದೆ ಉರಿಸಿ ಸಿಪ್ಪೆಯನ್ನು ಒಣಗಿಸುತ್ತಾರೆ. 1990ರ ದಶಕದಲ್ಲಿ ಈ ಸಿಪ್ಪೆಯ ಹುಳಿಯಲ್ಲಿ ತೂಕ ಇಳಿಸುವ ಗುಣವಿದೆ ಎಂಬ ಸುದ್ದಿ ಹರಡಿ ವಿದೇಶದಿಂದ ಬೇಡಿಕೆ ಬಂತು. ಬೆಲೆ ಏರಿತು. ಹಣ್ಣಾಗುವ ಮೊದಲೇ ಕೀಳುವುದು, ಕೊಂಬೆ ಕಡಿಯುವುದು, ಒಣಗಿಸಲು ಕಾಡಿನ ಸೌದೆ ಸುಡುವುದು ನಡೆಯಿತು.

ಗುಣ ಇತ್ತೇ? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಉಪ್ಪಾಗೆಯ ಸಾರವನ್ನೂ ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಮಾತ್ರೆಯನ್ನೂ 12 ವಾರ ಕೊಟ್ಟರು. ತೂಕದಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯೂ ನೆನಪಾಗುತ್ತದೆ. ಕ್ಯಾರಲ್ಲುಮ ಎಂಬ, ಒಣನೆಲದಲ್ಲಿ ಬೆಳೆಯುವ ಕಳ್ಳಿಯಂಥ ಗಿಡದ ಸಾರವನ್ನು 50 ಮಂದಿಯ ಮೇಲೆ 60 ದಿನ ಪರೀಕ್ಷಿಸಿದರು. ಹಸಿವು ಮತ್ತು ಸೊಂಟದ ಸುತ್ತಳತೆ ಸ್ವಲ್ಪ ಕಡಿಮೆಯಾಯಿತು. ತೂಕದಲ್ಲಿ ಮಾತ್ರ ಹುಸಿ ಮಾತ್ರೆಯ ಗುಂಪಿಗಿಂತ ಗಣನೀಯ ಬದಲಾವಣೆಯಿರಲಿಲ್ಲ. ಸಂಶೋಧಕರು ಕಂಡದ್ದನ್ನು ಕಂಡ ಹಾಗೆ ಬರೆದರು. ಡಬ್ಬಿಗಳಿಗೆ ಆ ಸಂಯಮ ಇಲ್ಲ.

ಹುಳಿಯನ್ನು ಸಾರಿಗೆ ಹಾಕಿ ತಿಂದರೆ ಯಾರಿಗೂ ಅಪಾಯವಿಲ್ಲ ಎಂಬುದು ತಲೆಮಾರುಗಳ ಅನುಭವ. ಆದರೆ ಅದರ ಸಾರವನ್ನು ಗಟ್ಟಿ ಮಾಡಿ ದಿನಕ್ಕೆ ಮೂರು ಹೊತ್ತು ನುಂಗುವುದು ಸಾರು ತಿಂದ ಹಾಗಲ್ಲ. ಗಾರ್ಸಿನಿಯಾ ಇದ್ದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. 'ಗಿಡಮೂಲಿಕೆ' ಎಂಬ ಮಾತು ನಮ್ಮ ಅಜ್ಜಿಯರ ಮೇಲಿನ ನಂಬಿಕೆಯನ್ನು ಕದ್ದು ಕಾರ್ಖಾನೆಯ ಡಬ್ಬಿಗೆ ಅಂಟಿಸುತ್ತದೆ. ಅಜ್ಜಿ ಕಷಾಯ ಕೊಡುವಾಗ ಎದುರಿಗೇ ಇರುತ್ತಿದ್ದಳು. ಮರುದಿನ 'ಹೇಗಿದ್ದೀ?' ಎಂದು ಕೇಳುತ್ತಿದ್ದಳು. ಡಬ್ಬಿ ಕೇಳುವುದಿಲ್ಲ.

ಇದಕ್ಕಿಂತ ಭಯದ ಸಂಗತಿ ಬೇರೆ ಇದೆ. ಸಿಬುಟ್ರಮಿನ್ ಎಂಬ ಔಷಧ ಒಂದು ಕಾಲದಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುತ್ತಿತ್ತು. ಹಸಿವನ್ನು ಅಡಗಿಸುತ್ತಿತ್ತು, ಜೊತೆಗೆ ನಾಡಿಬಡಿತ ಮತ್ತು ರಕ್ತದೊತ್ತಡವನ್ನು ಏರಿಸುತ್ತಿತ್ತು. ಸುಮಾರು 10 ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸಿದಾಗ ಹೃದಯದ ತೊಂದರೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದು ಕಂಡುಬಂದು 2010ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಅದು ಹಿಂದಕ್ಕೆ ಹೋಯಿತು. ಭಾರತ 2011ರಲ್ಲಿ ನಿಷೇಧಿಸಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 'ನೈಸರ್ಗಿಕ' ಎಂದು ಮಾರುವ ಕ್ಯಾಪ್ಸೂಲುಗಳನ್ನು ಪರೀಕ್ಷಿಸಿದಾಗ, ಹೆಸರು ಹಾಕದೆ ಇದೇ ಸಿಬುಟ್ರಮಿನ್ ಬೆರೆಸಿದ್ದನ್ನು ಅಮೆರಿಕದ ಔಷಧ ಇಲಾಖೆ 2008ರಿಂದ ಮತ್ತೆ ಮತ್ತೆ ಪತ್ತೆಹಚ್ಚಿ ಎಚ್ಚರಿಸುತ್ತ ಬಂದಿದೆ. ಮುಂಬಾಗಿಲಿನಿಂದ ಹೊರಹಾಕಿದ ಔಷಧ ಹಿತ್ತಿಲ ಬಾಗಿಲಿನಿಂದ, ಎಲೆಯ ಚಿತ್ರ ಹೊತ್ತು, ಒಳಗೆ ಬಂದಿದೆ. ಧನಗೆರೆಯ ಡಬ್ಬಿಯಲ್ಲಿ ಏನಿತ್ತೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಆದ್ದರಿಂದ ನಾವು ಆರೋಪ ಹೊರಿಸುವುದಿಲ್ಲ. ಡಾಕ್ಟರು ಹೇಳಿದ 'ಬರೆಯದೆ ಇರುವುದು' ಎಂಬ ಮಾತು ಯಾಕೆ ಬಂತೆಂದು ಮಾತ್ರ ನಮಗೆ ಆಮೇಲೆ ಅರ್ಥವಾಯಿತು.

ಚೀಟಿಯೂ ಪವಿತ್ರವಲ್ಲ

ಇಷ್ಟು ಹೇಳಿದ ಮೇಲೆ, ಚೀಟಿಯ ಮದ್ದು ಒಳ್ಳೆಯದು, ಕಟ್ಟೆಯ ಮೇಲಿನ ಮದ್ದು ಕೆಟ್ಟದ್ದು ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಸತ್ಯವಲ್ಲ. ವೈದ್ಯರು ಬರೆದುಕೊಟ್ಟ ತೂಕದ ಮದ್ದುಗಳ ಚರಿತ್ರೆಯೇನೂ ಬೆಳ್ಳಗಿಲ್ಲ. ಫೆನ್‌ಫ್ಲೂರಮಿನ್ ಹೃದಯದ ಕವಾಟಗಳನ್ನು ಕೆಡಿಸಿ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. 2006ರಲ್ಲಿ ಯುರೋಪಿನಲ್ಲಿ ಬಂದ ರಿಮೊನಬಂಟ್, ಸೇವಿಸಿದವರನ್ನು ಖಿನ್ನತೆಗೆ, ಸಾಯುವ ಯೋಚನೆಗೆ ದೂಡುತ್ತದೆ ಎಂದು ಎರಡೇ ವರ್ಷದಲ್ಲಿ, 2008ರಲ್ಲಿ, ನಿಂತಿತು. ನಮ್ಮ ದೇಶ ಅದನ್ನು 2009ರಲ್ಲಿ ನಿಷೇಧಿಸಿತು. ಸಿಬುಟ್ರಮಿನ್ ಕಥೆ ಆಗಲೇ ಹೇಳಿದ್ದೇವೆ. ಚೀಟಿ ಇಲ್ಲದೆ ಸಿಗುತ್ತಿದ್ದವುಗಳ ಪಟ್ಟಿಯೂ ಉದ್ದವಾಗಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಡೈನೈಟ್ರೊಫಿನಾಲ್ ಕಣ್ಣಿಗೆ ಪೊರೆ ತಂದಿತು, ಜೀವ ತೆಗೆಯಿತು. ಅಲ್ಲಿನ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತಿದ್ದ ಫಿನೈಲ್‌ಪ್ರೊಪನೋಲಮಿನ್ ಹೆಂಗಸರಲ್ಲಿ ಮಿದುಳಿನ ರಕ್ತಸ್ರಾವಕ್ಕೆ ಕಾರಣವಾಗಬಹುದೆಂದು 2000ದಲ್ಲಿ ತೆಗೆಸಿದರು. ಎಫೆಡ್ರ ಎಂಬ ಗಿಡದ ಮದ್ದನ್ನು 2004ರಲ್ಲಿ ನಿಷೇಧಿಸಿದರು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಮಗೆ ಕಂಡದ್ದು ಹೀಗೆ. ಈ ಮದ್ದುಗಳು ಸೋತದ್ದು ನಮಗೆ ಗೊತ್ತಾದದ್ದು ಯಾರೋ ಲೆಕ್ಕ ಇಟ್ಟಿದ್ದರಿಂದ. ಯಾರು ತೆಗೆದುಕೊಂಡರು, ಎಷ್ಟು ತೆಗೆದುಕೊಂಡರು, ಅವರಿಗೆ ಏನಾಯಿತು ಎಂಬ ಹಿಸಾಬ್ ಇದ್ದುದರಿಂದ ತಪ್ಪನ್ನು ಒಪ್ಪಿಸಲು ಸಾಧ್ಯವಾಯಿತು. ಧನಗೆರೆಯ ಹುಡುಗಿಯ ಎದೆಬಡಿತ ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ. ಡಬ್ಬಿ ಏನನ್ನೂ ಸ್ಪಷ್ಟವಾಗಿ ಹೇಳಿಲ್ಲ, ಆದ್ದರಿಂದ ಅದು ಸುಳ್ಳಾಗುವುದೂ ಇಲ್ಲ. ಸೋಲದ ಮದ್ದು ಎಂದರೆ ಲೆಕ್ಕವಿಲ್ಲದ ಮದ್ದು ಎಂದೇ ಅರ್ಥ.

ಆರ್ಲಿಸ್ಟಾಟ್ ಎಂಬ ಔಷಧದ ಉದಾಹರಣೆ ಇಲ್ಲಿ ಉಪಯುಕ್ತ. 1999ರಲ್ಲಿ ಅಮೆರಿಕದಲ್ಲಿ 120 ಮಿಲಿಗ್ರಾಂ ಪ್ರಮಾಣದಲ್ಲಿ ಚೀಟಿಯ ಔಷಧವಾಗಿ ಬಂತು. 2007ರಲ್ಲಿ ಅದೇ ಔಷಧ 60 ಮಿಲಿಗ್ರಾಂ ಪ್ರಮಾಣದಲ್ಲಿ ಚೀಟಿ ಬೇಡದ ಔಷಧವಾಯಿತು. ನಮ್ಮಲ್ಲಿ ಇದು ಚೀಟಿಯ ಮೇಲೆಯೇ ಕೊಡಬೇಕಾದ್ದು. ತಿಂದ ಎಣ್ಣೆ, ತುಪ್ಪ, ಕೊಬ್ಬನ್ನು ಜೀರ್ಣಿಸುವ ರಸವನ್ನು ಇದು ತಡೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ತಿಂದ ಕೊಬ್ಬಿನ ಮೂರನೇ ಒಂದು ಪಾಲಿನಷ್ಟು, ಸಣ್ಣ ಪ್ರಮಾಣದಲ್ಲಿ ಕಾಲು ಪಾಲಿನಷ್ಟು ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ವರ್ಷಕ್ಕೆ ಇದರಿಂದ ಹೆಚ್ಚುವರಿಯಾಗಿ ಇಳಿಯುವುದು ಸರಾಸರಿ ಮೂರು ಕಿಲೋ. ಅದಕ್ಕಾಗಿ ಎಣ್ಣೆಯಂಥ ಭೇದಿ, ತಡೆಯಲಾಗದ ಅವಸರ ಸಹಿಸಬೇಕು. ಎ, ಡಿ, ಇ, ಕೆ ಜೀವಸತ್ವಗಳು ಕೊರತೆಯಾಗದಂತೆ ನೋಡಿಕೊಳ್ಳಬೇಕು. ಬಿರಿಯಾನಿ ತಿಂದು ಇದನ್ನು ನುಂಗಿದವನಿಗೆ ಮದುವೆ ಮನೆಯಲ್ಲಿ ಕೂರಲಾಗದು. ನೋಡಿ, ಒಂದೇ ವಸ್ತು ಒಂದು ಕಡೆ ಚೀಟಿಗೆ, ಇನ್ನೊಂದು ಕಡೆ ಕಟ್ಟೆಗೆ. ಆದರೆ ಎರಡು ಕಡೆಯೂ ಪೆಟ್ಟಿಗೆಯೊಳಗೆ ಇದೇ ಎಚ್ಚರಿಕೆಗಳಿವೆ, ಇದೇ ಸಣ್ಣ ಲಾಭವನ್ನು ಒಪ್ಪಿಕೊಂಡಿದೆ. ಕಟ್ಟೆಯ ಮೇಲೆ ಮಾರಿದ ಮಾತ್ರಕ್ಕೆ ಸುಳ್ಳು ಹೇಳಲೇಬೇಕೆಂದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ಫ್ರಿಜ್ಜಿನಲ್ಲಿ ಪುದೀನಾ ಹಿಂದೆ ಅಡಗಿದ್ದ ಮದ್ದಿಗೆ ಬರೋಣ. ಊಟ ಮಾಡಿದಾಗ ಕರುಳಿನಲ್ಲಿ ಹುಟ್ಟಿ ಮಿದುಳಿಗೆ 'ಸಾಕು' ಎಂದು ಹೇಳುವ ಹಾರ್ಮೋನಿನ ನಕಲು ಅದು. ಮಧುಮೇಹಕ್ಕೆಂದು ಬಂದ ಈ ಜಾತಿಯ ಔಷಧಗಳು ತೂಕವನ್ನೂ ಇಳಿಸುವುದು ಕಂಡುಬಂತು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಸಿತು. ಹುಸಿ ಮದ್ದಿನವರಲ್ಲಿ ಇಳಿದದ್ದು ನೂರಕ್ಕೆ 2.4. ಮರುವರ್ಷದ ಪರೀಕ್ಷೆಯಲ್ಲಿ ಟಿರ್ಜೆಪಟೈಡ್‌ನ ದೊಡ್ಡ ಪ್ರಮಾಣ ನೂರಕ್ಕೆ 20ರ ಆಚೆ ಹೋಯಿತು. ಇಂಥ ಅಂಕಿ ತೂಕದ ಮದ್ದುಗಳ ಚರಿತ್ರೆಯಲ್ಲಿ ಹಿಂದೆ ಇರಲಿಲ್ಲ. ಟಿರ್ಜೆಪಟೈಡ್ 'ಮೌಂಜಾರೊ' ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್ ತೂಕಕ್ಕೆಂದೇ 'ವೆಗೊವಿ' ಎಂಬ ಹೆಸರಿನಲ್ಲಿ 2025ರ ಜೂನ್‌ನಲ್ಲಿ ಭಾರತಕ್ಕೆ ಬಂದವು.

ಅಂಕಿ ದೊಡ್ಡದಾದರೂ ಕಾಗದ ಏನು ಹೇಳುತ್ತದೆ ಓದಬೇಕು. ಓಕರಿಕೆ, ವಾಂತಿ, ಭೇದಿ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪವಾದರೂ ಉಂಟು. ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ ಸಲ್ಲದು. ಬಸುರಿಯರಿಗೆ, ಬಸುರಾಗಲು ಬಯಸುವವರಿಗೆ ಸಲ್ಲದು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮುಖ್ಯ ಮಾತೆಂದರೆ, ನಿಲ್ಲಿಸಿದರೆ ತೂಕ ಮರಳುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದೊಳಗೆ ಇಳಿಸಿದ್ದರ ಮೂರರಲ್ಲಿ ಎರಡು ಪಾಲನ್ನು ಮತ್ತೆ ಪಡೆದರು. ಮೌಂಜಾರೊ ಬಂದಾಗ ವಾರಕ್ಕೊಂದರಂತೆ ಹಾಕಿಕೊಳ್ಳುವ ಸೀಸೆಯ ಬೆಲೆ ಸಣ್ಣ ಪ್ರಮಾಣಕ್ಕೆ 3,500 ರೂಪಾಯಿ, ಮುಂದಿನದಕ್ಕೆ 4,375 ರೂಪಾಯಿ ಇತ್ತು. ತಿಂಗಳಿಗೆ 14 ಸಾವಿರದಿಂದ ಮೇಲಕ್ಕೆ. ಧನಗೆರೆಯಲ್ಲಿ ದಿನಗೂಲಿ ಮಾಡುವವನ ತಿಂಗಳ ದುಡಿಮೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬಡವನಿಗೆ ಹಸಿರು ಡಬ್ಬಿ, ಉಳ್ಳವನಿಗೆ ಚುಚ್ಚುಮದ್ದು ಎಂಬ ಭಾಗ ತಾನಾಗಿಯೇ ಆಗಿಹೋಗಿರುವುದು ಕಾಣುತ್ತದೆ. ಸೆಮಾಗ್ಲುಟೈಡ್ ಮೇಲಿನ ಪೇಟೆಂಟ್ ಭಾರತದಲ್ಲಿ ಇದ್ದದ್ದು 2026ರ ಮಾರ್ಚ್ ತನಕ. ಬೇರೆ ಕಂಪನಿಗಳೂ ಮಾಡಿದರೆ ಬೆಲೆ ಇಳಿಯುವುದು ನ್ಯಾಯವೇ. ಆದರೆ ಅಗ್ಗವಾದಷ್ಟೂ ಚೀಟಿ ಕೇಳದೆ ಕೊಡುವ ಅಂಗಡಿಗಳೂ, ನಕಲಿ ಮಾಲೂ ಹೆಚ್ಚುವ ಅಪಾಯವಿದೆ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಚೀಟಿಯ ಔಷಧದ ಪಟ್ಟಿಯ ಎಡಬದಿಯಲ್ಲಿ ಒಂದು ಕೆಂಪು ಗೆರೆ ಇರುತ್ತದೆ. ಓದು ಬಾರದವರಿಗೂ ಅರ್ಥವಾಗಲಿ ಎಂಬಂತಿರುವ ಗೆರೆ. ನಮ್ಮ ಊರುಗಳಲ್ಲಿ ಆ ಗೆರೆಯನ್ನು ಅಂಗಡಿಯವರೂ ನೋಡುವುದಿಲ್ಲ, ಕೊಳ್ಳುವವರೂ ನೋಡುವುದಿಲ್ಲ. 'ಹೋದ ಸಲ ಕೊಟ್ಟಿದ್ರಲ್ಲ ಅದೇ ಕೊಡಿ' ಎಂದರೆ ಸಾಕು. ಚೀಟಿ ಇದ್ದೂ ಇಲ್ಲದ ಹಾಗೆ. ಕೇಳದೆ ಬರೆದುಕೊಡುವ ವೈದ್ಯರೂ ಇಲ್ಲದಿಲ್ಲ. ಎರಡು ನಿಮಿಷದಲ್ಲಿ ಗೀಚಿದ ಚೀಟಿಗೂ ಡಬ್ಬಿಗೂ ಬಹಳ ಅಂತರ ಉಳಿಯುವುದಿಲ್ಲ.

ಚೀಟಿಯ ಮೇಲಿನ ಹೆಸರು

ಹಬ್ಬದ ಮರುದಿನ ಮನೆಯಲ್ಲಿ ಗುಟ್ಟು ಬಯಲಾಯಿತು. ಫ್ರಿಜ್ಜಿನಲ್ಲಿ ಮಾಂಸ ಇಡಲು ಜಾಗ ಮಾಡುವಾಗ ಖಾಲಾ ಕೈಗೆ ಚುಚ್ಚುಮದ್ದು ಸಿಕ್ಕಿತು. ಮಗನಿಗೆ ಏನೋ ದೊಡ್ಡ ಕಾಯಿಲೆ ಎಂದು ಅವರು ಹೆದರಿದರು. ಅವನು ನಾಚಿಕೊಂಡೇ ಹೇಳಿದ. ತೂಕ ನೂರು ದಾಟಿತ್ತು, ಸಕ್ಕರೆ ಕಾಯಿಲೆ ಶುರುವಾಗಿತ್ತು, ಮಂಡಿ ನೋವಿನಿಂದ ನಮಾಜಿನಲ್ಲಿ ಕೂರಲು ಆಗುತ್ತಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೂರು ತಿಂಗಳು ಊಟ, ನಡಿಗೆ ತಿದ್ದಿಸಿ ನೋಡಿ, ಆಮೇಲೆ ಇದನ್ನು ಬರೆದರಂತೆ. ಕೇಳುತ್ತ ನಿಂತಿದ್ದ ಹುಡುಗಿ, 'ಚಾಚಾ, ನನಗೂ ಒಂದು ಹಾಕಿಬಿಡಿ' ಎಂದಳು. ಅವನು, 'ಆಗಲ್ಲ ಬೇಟಾ, ಚೀಟಿ ನನ್ನ ಹೆಸರಲ್ಲಿದೆ' ಎಂದ.

ಆ ಮಾತು ಅವನು ಯೋಚಿಸಿ ಆಡಿದ್ದಲ್ಲ. ಆದರೆ ಈ ಇಡೀ ಹೋಲಿಕೆಯ ತಿರುಳು ಅದರಲ್ಲಿದೆ ಎಂದು ನಮಗೆ ಅನಿಸಿತು. ಚೀಟಿಯ ಮೇಲೆ ಒಬ್ಬ ಮನುಷ್ಯನ ಹೆಸರಿದೆ, ವಯಸ್ಸಿದೆ, ಕೆಳಗೆ ಇನ್ನೊಬ್ಬ ಮನುಷ್ಯನ ಸಹಿ ಇದೆ. ತಪ್ಪಾದರೆ ಯಾರನ್ನು ಕೇಳಬೇಕೆಂದು ಗೊತ್ತಿದೆ. ಡಬ್ಬಿ ಎಲ್ಲರನ್ನೂ ಉದ್ದೇಶಿಸಿ ಮಾತಾಡುತ್ತದೆ, ಆದ್ದರಿಂದ ಯಾರೊಬ್ಬರಿಗೂ ಉತ್ತರ ಕೊಡುವುದಿಲ್ಲ.

ಇನ್ನೊಂದು ಸಂಗತಿ. ಹುಡುಗಿಯ ಎತ್ತರ ಐದು ಅಡಿ ಎರಡಂಗುಲ, ತೂಕ 60 ಕಿಲೋ. ಕಿಲೋವನ್ನು ಮೀಟರಿನ ವರ್ಗದಿಂದ ಭಾಗಿಸಿದರೆ ಬರುವ ಸೂಚ್ಯಂಕ ಅವಳದು 24. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25ಕ್ಕೆ ಬೊಜ್ಜು ಎಂದು 2009ರ ತಜ್ಞರ ಒಮ್ಮತ ಹೇಳುತ್ತದೆ. ತೂಕ ಇಳಿಸುವ ಔಷಧಗಳನ್ನು ಸಾಮಾನ್ಯವಾಗಿ ಬರೆಯುವುದು ಸೂಚ್ಯಂಕ 30 ಆದ ಮೇಲೆ, ಇಲ್ಲವೇ ಸಕ್ಕರೆ, ರಕ್ತದೊತ್ತಡದಂಥ ತೊಂದರೆಯಿದ್ದು 27 ದಾಟಿದ ಮೇಲೆ. ಅಂದರೆ ಅವಳು ಯಾವ ಸರಿಯಾದ ವೈದ್ಯರ ಬಳಿ ಹೋಗಿದ್ದರೂ 'ನಿನಗೆ ಮದ್ದು ಬೇಡಮ್ಮ' ಎಂಬ ಉತ್ತರ ಸಿಗುತ್ತಿತ್ತು. 'ಬೇಡ' ಎನ್ನುವುದೂ ಚೀಟಿಯ ಕೆಲಸವೇ. ಡಬ್ಬಿಗೆ ಆ ಒಂದು ಮಾತು ಮಾತ್ರ ಹೇಳಲು ಬರುವುದಿಲ್ಲ. ವೈದ್ಯರು 'ಬೇಡ' ಎನ್ನುವವರೇ ಅದರ ಮುಖ್ಯ ಗಿರಾಕಿಗಳು.

2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಹೆಚ್ಚು ತೂಕದವರು, ನೂರಕ್ಕೆ 18.7 ಮಂದಿ ತೀರ ಕಡಿಮೆ ತೂಕದವರು. ಒಂದೇ ಬೀದಿಯಲ್ಲಿ ಇಬ್ಬರೂ ಇದ್ದಾರೆ. ತೂಕ ನಿಜವಾಗಿ ಕಾಯಿಲೆಯಾಗಿರುವವರು ನಮ್ಮ ಖಾಲಾ ಅವರ ಮಗನಂತೆ ಅದನ್ನು ಮುಚ್ಚಿಡುತ್ತಾರೆ. ಕಾಯಿಲೆಯೇ ಅಲ್ಲದವರು ಹುಡುಗಿಯಂತೆ ಮದ್ದನ್ನು ಗೂಡಿನಲ್ಲಿ ಪ್ರದರ್ಶಿಸುತ್ತಾರೆ. ಎರಡಕ್ಕೂ ಕಾರಣ ಒಂದೇ, ನಾಚಿಕೆ. ಕಂಪನಿಗಳು ಮಾರುತ್ತಿರುವುದು ನಾಚಿಕೆಗೆ ಪರಿಹಾರವನ್ನು. ತೂಕ ನೆಪ ಮಾತ್ರ.

ಉರ್ದು ಶಾಲೆಯಲ್ಲಿ ನಾವು ಕಲಿತ ಒಂದು ಶಬ್ದ 'ತಂದುರುಸ್ತಿ'. ಆರೋಗ್ಯ ಎಂದರ್ಥ. 'ತನ್' ಎಂದರೆ ಮೈ, 'ದುರುಸ್ತ್' ಎಂದರೆ ಸರಿಯಾಗಿರುವುದು. ಅದೇ 'ದುರುಸ್ತ್' ಕನ್ನಡಕ್ಕೆ ಬಂದು 'ದುರಸ್ತಿ' ಆಗಿದೆ, ರಿಪೇರಿ ಎಂಬ ಅರ್ಥದಲ್ಲಿ. ಉರ್ದುವಿನಲ್ಲಿ ಸರಿಯಾಗಿರುವುದು, ಕನ್ನಡದಲ್ಲಿ ಕೆಟ್ಟದ್ದನ್ನು ಸರಿಮಾಡುವುದು. ತೂಕದ ಮಾರುಕಟ್ಟೆ ಮಾಡಿರುವುದೂ ಇದನ್ನೇ. ಸರಿಯಾಗಿದ್ದ ಮೈಯನ್ನು ಕೆಟ್ಟುಹೋದ ಯಂತ್ರವೆಂದು ನಂಬಿಸಿ ರಿಪೇರಿಗೆ ಕರೆಯುತ್ತಿದೆ. 'ಮೈಕೈ ತುಂಬಿಕೊಂಡು ಚೆನ್ನಾಗಿದ್ದೀಯ' ಎಂಬುದು ಇದೇ ಸೀಮೆಯಲ್ಲಿ ಒಂದು ತಲೆಮಾರಿನ ಹಿಂದೆ ಹರಕೆಯ ಮಾತಾಗಿತ್ತು. ರೇಷ್ಮೆ ಗೂಡು ತೂಗುವ ಕೊಳ್ಳೇಗಾಲದ ಸೀಮೆಯಲ್ಲಿ ಈಗ ಹೆಣ್ಣುಮಕ್ಕಳನ್ನೂ ತೂಗಿ ನೋಡುತ್ತಿದ್ದೇವೆ.

ಓದುಗರಲ್ಲಿ ನಮ್ಮ ಕೋರಿಕೆ ಸರಳವಾದದ್ದು. ಮನೆಗೆ ತೂಕದ ಮದ್ದು ಬಂದರೆ ಮೂರು ಪ್ರಶ್ನೆ ಕೇಳಿ. ಇದರೊಳಗೆ ಏನು ಎಷ್ಟಿದೆ ಎಂದು ಯಾರು ಪರೀಕ್ಷಿಸಿದ್ದಾರೆ? ಇದು ಯಾರಿಗೆ ಸಲ್ಲದು ಎಂದು ಎಲ್ಲಿ ಬರೆದಿದೆ? ತೊಂದರೆಯಾದರೆ ಉತ್ತರ ಕೊಡುವವರು ಯಾರು? ಚೀಟಿಯದಾಗಲಿ, ಕಟ್ಟೆಯ ಮೇಲಿನದಾಗಲಿ, ಮೂರಕ್ಕೂ ಉತ್ತರ ಸಿಗದ ಮದ್ದನ್ನು ನುಂಗಬೇಡಿ. ಸಕ್ಕರೆ, ರಕ್ತದೊತ್ತಡಕ್ಕೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸದೆ ಯಾವ ಪುಡಿಯನ್ನೂ ಸೇರಿಸಬೇಡಿ. ಡಾಕ್ಟರು ಬರೆದ ಮದ್ದನ್ನು ಬಳಸುವವರು ನಾಚಿಕೊಳ್ಳಬೇಡಿ, ಅದನ್ನು ಇನ್ನೊಬ್ಬರಿಗೆ ಹಂಚಲೂ ಬೇಡಿ.

ಹುಡುಗಿಯ ನಿಕಾಹ್ ಆಯಿತು. 60 ಕಿಲೋದಲ್ಲೇ ಆಯಿತು. ಮದುವೆಯ ದಿನ ಆ ಹಿರಿಯ ಹೆಂಗಸು ನಮ್ಮ ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದರು. ಅವರಿಗೆ ಎದೆಬಡಿತದ ವಿಷಯ ತಿಳಿಸಿದೆವು. ಅವರು ಗಾಬರಿಯಾಗಿ, 'ಹಾಯ್ ಅಲ್ಲಾ, ನಾನು ಸುಮ್ಮನೆ ಬಾಯಿಮಾತಿಗೆ ಅಂದಿದ್ದು' ಎಂದರು. ನಿಜವೇ ಇರಬೇಕು. ಆದರೆ ಆ ಬಾಯಿಮಾತಿನ ಮೇಲೂ ಒಂದು ಕೆಂಪು ಗೆರೆ ಇರಬೇಕಿತ್ತು.